ಮೈಸೂರಿನ ಯೆಜ್ದಿ, ಪೀತಂಪುರದ ಜಾವಾ, ಐನಾಪುರದ ಮಿಸ್ತ್ರಿ

ಎಡಗಾಲ ಬಳಿಯ ಆ ಉಕ್ಕಿನ ಕಡ್ಡಿಯನ್ನು ಒಳಕ್ಕೆ ಒತ್ತಿರಿ. ಒತ್ತಿ ಹಿಡಿದೇ ಮೇಲಕ್ಕೆ ತಿರುಗಿಸಿ ನೆಟ್ಟಗೆ ನಿಲ್ಲಿಸಿರಿ. ನಿನ್ನೆ ರಾತ್ರಿ ಗಿಯರ್ ಬದಲಿಸಿದ ಕಡ್ಡಿಯೇ ಈಗ ಕಿಕ್. ಪೆಟ್ರೋಲ್ ಕಾಕ್ ತೆರೆದಿದೆಯೇ ನೋಡಿಕೊಂಡು, ಚಾವಿ ತಿರುಗಿಸಿ, ಮೈಭಾರವನ್ನೆಲ್ಲ ಕಾಲಿಗೆ ಬಿಟ್ಟು ಒದೆಯಿರಿ. ಒಂದು ಕೆಮ್ಮು, ಅಷ್ಟೇ.

"ಮತ್ತೊಂದ್ ಸಲ ಹೊಡೀರಿ. ಥಂಡ್ಯಾಗ ಹಿಂಗ ಮಾಡ್ತೈತಿ ಅದು," ಎನ್ನುತ್ತಾರೆ ಗಾಡಿಯ ಯಜಮಾನರು, ಹೆಗಲ ಟವೆಲಿನಿಂದ ಟ್ಯಾಂಕಿನ ಮೇಲಿನ ಇಬ್ಬನಿ ಒರೆಸುತ್ತ.

ಎರಡನೇ ಒದೆಗೆ ಎಂಜಿನ್ ಹತ್ತಿಕೊಳ್ಳುತ್ತದೆ. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಅದರ ಹಿಂದೆ ಸುಟ್ಟ ಟೂ-ಟಿ ಎಣ್ಣೆಯ ವಾಸನೆ. ಕಡ್ಡಿಯನ್ನು ಮುಂದಕ್ಕೆ ಮಡಚಿದರೆ ಅದು ಮತ್ತೆ ಗಿಯರ್. ಎಂಜಿನ್ನಿನ ಸದ್ದು ಬುಲೆಟ್ಟಿನ ಗುಡುಗಲ್ಲ. ಲೋಹಕ್ಕೆ ಲೋಹ ತಾಗಿ ಹೊರಡುವ ಸಣ್ಣ ನಾದವೊಂದು ಅದರಲ್ಲಿ ಇದೆ. ಅರವತ್ತು ದಾಟಿದ ಯಾರನ್ನಾದರೂ ಕಣ್ಣು ಮುಚ್ಚಿಸಿ ಕೇಳಿಸಿದರೆ ಅವರು ಹೆಸರು ಹೇಳುತ್ತಾರೆ: ಯೆಜ್ದಿ.

ಜನವರಿಯ ಬೆಳಗು. ಬೆಳಗಾವಿ ಜಿಲ್ಲೆಯ ಐನಾಪುರ ಇನ್ನೂ ಪೂರ್ತಿ ಎದ್ದಿಲ್ಲ. ಕೃಷ್ಣಾ ಹೊಳಿಯ ಕಡೆಯಿಂದ ಮಂಜು ಬಂದು ಕಬ್ಬಿನ ತುದಿಗಳ ಮೇಲೆ ಕೂತಿದೆ. ಸಿದ್ಧೇಶ್ವರ ಜಾತ್ರೆಯ ತಿಂಗಳು ಇದು, ಕಬ್ಬು ನುರಿಸುವ ಹಂಗಾಮೂ ಹೌದು. ರಸ್ತೆಗೆ ಇಳಿದ ಕೂಡಲೇ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಎದುರಾಗುತ್ತವೆ, ಕೆಲವು ಉಗಾರದ ಕಾರ್ಖಾನೆಗೆ, ಕೆಲವು ಕೆಂಪವಾಡಕ್ಕೆ. ಕಡಿದ ಹೊಲಗಳಲ್ಲಿ ರವದಿ ಸುಟ್ಟ ಕರಿ. ನೀವು ಕೂತಿರುವುದು ಕೆಎ-23 ನಂಬರಿನ ಯೆಜ್ದಿ ರೋಡ್‌ಕಿಂಗ್ ಮೇಲೆ. ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಲು ಕೊಕ್ಕೆ ಬೆಸೆದಿದ್ದಾರೆ. ಈಗ ಕ್ಯಾನು ಇಲ್ಲ, ಕೊಕ್ಕೆಗಳು ಉಳಿದಿವೆ.

ಎರಡನೇ ಗಿಯರ್ ಹಾಕುವಾಗ ಕ್ಲಚ್ ಹಿಡಿಯಬೇಡಿ. ಹಿಡಿಯದೆಯೇ ಹಾಕಿ ನೋಡಿ. ಗಿಯರ್ ಕಡ್ಡಿಯನ್ನು ಕಾಲಿನಿಂದ ಸರಿಸುವಾಗ ಅದೇ ಕಡ್ಡಿ ಒಳಗಿನಿಂದ ಕ್ಲಚ್ಚನ್ನೂ ಬಿಡಿಸುತ್ತದೆ. ಎಡಗೈಯಲ್ಲಿ ಮೇವಿನ ಹೊರೆಯ ಹಗ್ಗ ಹಿಡಿದು ಬಲಗೈಯಲ್ಲಿ ಗಾಡಿ ಓಡಿಸುವ ರೈತನಿಗೆ ಈ ಅನುಕೂಲ ಎಷ್ಟು ದೊಡ್ಡದೆಂದು ಹೊಲದ ದಾರಿಗೆ ತಿರುಗಿದಾಗ ತಿಳಿಯುತ್ತದೆ. ಟ್ರ್ಯಾಕ್ಟರ್ ಗಾಲಿ ಕೊರೆದ ಕುಣಿಗಳಲ್ಲಿ ಗಾಡಿ ಇಳಿದು ಏಳುತ್ತದೆ, ಎಂಜಿನ್ ಒಮ್ಮೆಯೂ ಬಿಕ್ಕುವುದಿಲ್ಲ. 248 ಸಿಸಿ, 16 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಸಣ್ಣ ಅಂಕಿ. 1978ರಲ್ಲಿ ರೋಡ್‌ಕಿಂಗ್ ಬಂದಾಗ ಈ ಸೀಮೆಯ ರಸ್ತೆಯ ಮೇಲೆ ಅದನ್ನು ಹಿಂದಿಕ್ಕುವ ಗಾಡಿಗಳು ಬೆರಳೆಣಿಕೆಯಷ್ಟೂ ಇರಲಿಲ್ಲ.

ಗ್ಯಾರೇಜಿನ ಮುಂದೆ ನಿಲ್ಲಿಸಿ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಹಳೆಯ ಕ್ಲಚ್ ಪ್ಲೇಟುಗಳ ಮಾಲೆ. ಮಿಸ್ತ್ರಿ ಚಹಾ ಮುಗಿಸಿ ಕಪ್ಪು ಕೆಳಗಿಡುವ ಮೊದಲೇ ಸದ್ದು ಕೇಳಿ ಹೇಳಿಬಿಡುತ್ತಾರೆ: "ಪಾಯಿಂಟ್ ಗ್ಯಾಪ್ ಸರದೈತಿ. ಬರ್ರಿ, ಕುಂಡ್ರ್ರಿ."

ಬಲಗಡೆಯ ಕವರ್ ಬಿಚ್ಚುತ್ತಾರೆ. ಒಳಗೆ ಡೈನಮೋ, ಅದರ ಮಗ್ಗುಲಿಗೆ ಉಗುರಿನಷ್ಟು ಪಾಯಿಂಟು. ಪಾಲೀಶ್ ಪೇಪರ್ ಮಡಚಿ ಅದರ ನಡುವೆ ಎರಡು ಸಲ ಎಳೆದು, ಸ್ಕ್ರೂ ಸ್ವಲ್ಪ ಸಡಿಲಿಸಿ, ಗೇಜ್ ತೂರಿಸಿ, ಮತ್ತೆ ಬಿಗಿದು, ನಿಮ್ಮ ಕಡೆ ನೋಡದೆಯೇ "ಹೊಡೀರಿ" ಎನ್ನುತ್ತಾರೆ. ಒಂದೇ ಒದೆ ಸಾಕಾಗುತ್ತದೆ. ನಾದ ಮೊದಲಿಗಿಂತ ತಿಳಿಯಾಗಿದೆ. ಈ ಇಡೀ ಕೆಲಸಕ್ಕೆ ಬೇಕಾದ ಸಾಮಾನು ಗಾಡಿಯ ಬದಿಪೆಟ್ಟಿಗೆಯಲ್ಲೇ ಹಿಡಿಸುತ್ತದೆ.

ಇಂಥ ಕೈಗಳು ಈ ಸೀಮೆಗೆ ಹೊಸತಲ್ಲ. ಗುರ್ಲಹೊಸೂರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಗಡಿಯಾಚೆ ಕಿರ್ಲೋಸ್ಕರವಾಡಿ ಎದ್ದಿತು. ಕೊಲ್ಹಾಪುರದ ಎರಕದ ಕಾರ್ಖಾನೆಗಳು, ಸಾಂಗ್ಲಿ-ಮಿರಜದ ಲೇತ್‌ಗಳು, 1939ರಿಂದ ಇರುವ ಉಗಾರದ ಸಕ್ಕರೆ ಕಾರ್ಖಾನೆ: ಇವುಗಳ ಸುತ್ತ ಒಕ್ಕಲುತನ ಮತ್ತು ಯಂತ್ರ ಜೊತೆಜೊತೆಗೆ ಬೆಳೆದವು. ಇಲ್ಲಿಯ ರೈತ ಪಂಪ್‌ಸೆಟ್ ಬಿಚ್ಚುತ್ತಾನೆ, ಟ್ರಾಲಿ ಬೆಸೆಯಿಸುತ್ತಾನೆ, ಎಂಜಿನ್ ಬೋರ್ ಸವೆದರೆ ಮಿರಜಕ್ಕೆ ಒಯ್ದು ಬೋರ್ ಹೊಡೆಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಿಸುತ್ತಾನೆ. ಯೆಜ್ದಿ ಇಂಥ ಜನರ ಕೈಗೆ ಬಿತ್ತು, ಅದಕ್ಕೇ ಬಾಳಿತು.

ಅದು ಎಲ್ಲಿಂದ ಬಂತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಮರಳಿ ಬಂದಿರುವ ಹೊಸ ಜಾವಾದ ಮೇಲಿನ ನನ್ನ ತಕರಾರೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಯೆಜ್ದಿಯ ಮೂಲವಾದ ಜಾವಾ ಹುಟ್ಟಿದ್ದು 1929ರಲ್ಲಿ, ಇಂದಿನ ಝೆಕ್ ದೇಶದ ಪ್ರಾಗ್‌ನಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗ ಕೊಂಡು ಶುರುಮಾಡಿದ ಕಂಪನಿ. ನಮ್ಮ ದೇಶಕ್ಕೆ ಅದನ್ನು ತರಿಸಿ ಮುಂಬಯಿಯಲ್ಲಿ ಮಾರುತ್ತಿದ್ದವರು ಇರಾನಿ ಕುಟುಂಬದವರು. ಆಮದಿಗೆ ತಡೆ ಬಿದ್ದಾಗ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಇಲ್ಲಿಯೇ ಕಟ್ಟುವ ತೀರ್ಮಾನ ಮಾಡಿ ಮೈಸೂರಿನ ಯಾದವಗಿರಿಯನ್ನು ಆರಿಸಿಕೊಂಡರು. ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ದಿ ಬಂತು, ಆದರೆ ಊರು ಬದಲಾಗಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಜೊತೆಗಾರಿಕೆಯ ನೂರು ಸಿಸಿ ಗಾಡಿಗಳು ಬಂದವು. ಅವು ಹಗುರ, ಪೆಟ್ರೋಲ್ ಕಡಿಮೆ ಕುಡಿಯುತ್ತಿದ್ದವು. ಹೊಗೆಯ ನಿಯಮವೂ ಬಿಗಿಯಾಗತೊಡಗಿತು. 1996ರಲ್ಲಿ ಯಾದವಗಿರಿಯ ಬಾಗಿಲು ಮುಚ್ಚಿತು. ಮೂವತ್ತೈದು ವರ್ಷ ಮೈಸೂರಿನ ಕಾರ್ಮಿಕರು ಮಾಡಿದ ಗಾಡಿಯನ್ನು ಮುಂದಿನ ಮೂರು ದಶಕ ಬದುಕಿಸಿಟ್ಟವರು ಇಂಥ ತಗಡಿನ ಮಾಡಿನ ಕೆಳಗಿನವರು. ಆಗ ಅವರ ಹಿಂದೆ ಕಂಪನಿಯೇ ಇರಲಿಲ್ಲ.

ಈಗ ತಿರುಗಿ ನೋಡಿ, ಇನ್ನೊಂದು ಗಾಡಿ ಬರುತ್ತಿದೆ.

ಮೆರೂನ್ ಬಣ್ಣ, ಟ್ಯಾಂಕಿನ ಮಗ್ಗುಲಿಗೆ ಕ್ರೋಮಿನ ಹೊಳಪು, ಒಂದೇ ಸಿಲಿಂಡರಿಗೆ ಎಡಬಲ ಎರಡು ಸೈಲೆನ್ಸರು, ಬದಿಗೆ ಹಳೆಯ ಕಾಲದ ಮೊಟ್ಟೆಯಾಕಾರದ ಪೆಟ್ಟಿಗೆ. ಎಂಎಚ್-12 ನಂಬರು. ಪುಣೆಯಲ್ಲಿ ನೌಕರಿ ಮಾಡುವ ಹುಡುಗ, ಜಾತ್ರೆಗೆ ಊರಿಗೆ ಬಂದಿದ್ದಾನೆ. ಮಿಸ್ತ್ರಿಗೆ ಅಣ್ಣನ ಮಗ. ಗಾಡಿ ಹೊಸ ಜಾವಾ. ಅವನು ಅದನ್ನು ನಿಮ್ಮ ರೋಡ್‌ಕಿಂಗಿನ ಪಕ್ಕಕ್ಕೆ ತಂದು ನಿಲ್ಲಿಸುತ್ತಾನೆ. ಎರಡರ ಎದುರು ನಿಂತ ನಿಮಗೆ ಒಂದು ಕ್ಷಣ ಮಾತು ಹೊರಡುವುದಿಲ್ಲ. ಚೆಂದ ಇದೆ, ನಿಜವಾಗಿಯೂ ಚೆಂದ ಇದೆ. ಇದರ ವಿನ್ಯಾಸ ಬರೆದವರ ಕಣ್ಣಲ್ಲಿ ಹಳೆಯ ಜಾವಾದ ಮೇಲೆ ಪ್ರೀತಿ ಇತ್ತು ಎನ್ನುವುದಕ್ಕೆ ಟ್ಯಾಂಕಿನ ಒಂದು ಬಾಗು ಸಾಕು.

"ಕಾಕಾ, ನೋಡ್ರಿ. ನಿಮ್ಮ ಜಾವಾ ತಿರುಗಿ ಬಂದೈತಿ."

ಮಿಸ್ತ್ರಿ ಕೈ ಒರೆಸಿಕೊಂಡು ಸುತ್ತು ಬರುತ್ತಾರೆ. ಗೌರವದಿಂದಲೇ ನೋಡುತ್ತಾರೆ. ಟ್ಯಾಂಕಿನ ಮೇಲೆ ಅಂಗೈ ಇಡುತ್ತಾರೆ, ಕೂತು ಎಂಜಿನ್ ನೋಡುತ್ತಾರೆ, ಮುಂಗಾಲಿಯ ಹಿಂದೆ ಕಪ್ಪು ಬಣ್ಣದಲ್ಲಿ ಅಡಗಿ ಕೂತ ರೇಡಿಯೇಟರನ್ನು ಬೆರಳಿನಿಂದ ಮುಟ್ಟುತ್ತಾರೆ. ಸಿಲಿಂಡರಿನ ಮೇಲೆ ಗಾಳಿಗೆ ತಣಿಯುವ ಎಂಜಿನ್ನಿನ ಥರ ಸಾಲುಸಾಲು ರೆಕ್ಕೆಗಳಿವೆ. ತಣಿಸುವ ಕೆಲಸ ಮಾಡುವುದು ಮಾತ್ರ ನೀರು.

"ಕಾರ್ಬೋರೇಟರ್ ಎಲ್ಲೈತೋ?"

"ಇಲ್ಲ ಕಾಕಾ, ಇಂಜೆಕ್ಷನ್ ಐತಿ. ಇದರಾಗ ಬಿಚ್ಚೂದು ಏನೂ ಇಲ್ಲ. ಟೈಮಿಗೆ ಶೋರೂಮಿಗೆ ಬಿಟ್ಟರ ಸಾಕು."

ಮಿಸ್ತ್ರಿ ಎದ್ದು ನಿಲ್ಲುತ್ತಾರೆ. "ತಮ್ಮಾ, ಬಿಚ್ಚಾಕ ಬರದ ಗಾಡಿ ನಮ್ದು ಹೆಂಗ ಆಕ್ಕೈತೋ?"

ಆ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಹುಡುಗನ ಗಾಡಿ ಓಡಿಸಿ ನೋಡಿ, ಅವನು ಚಾವಿ ಕೊಡುತ್ತಿದ್ದಾನೆ. ಬಟನ್ ಒತ್ತಿದರೆ ಚಾಲೂ, ಒದೆಯುವ ಕಡ್ಡಿಯೇ ಇಲ್ಲ. 2018ರ ನವೆಂಬರ್ 15ರಂದು ಕ್ಲಾಸಿಕ್ ಲೆಜೆಂಡ್ಸ್ ಈ ಗಾಡಿಯನ್ನು ಬಿಡುಗಡೆ ಮಾಡಿತು. ಮಹೀಂದ್ರಾದ ದೊಡ್ಡ ಪಾಲು, ಅದರ ಜೊತೆ ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಕೂಡಿ ಕಟ್ಟಿದ ಕಂಪನಿ ಅದು. 293 ಸಿಸಿ, ಫೋರ್ ಸ್ಟ್ರೋಕ್, 27 ಅಶ್ವಶಕ್ತಿ. ಎಂಜಿನ್ನಿನ ಮೂಲ ಮಹೀಂದ್ರಾದ ಮೋಜೊ. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಐನಾಪುರದಿಂದ ಉಗಾರದ ಕಡೆ ಡಾಂಬರಿನ ಮೇಲೆ ಬಿಟ್ಟರೆ ಅದು ತಕರಾರಿಲ್ಲದೆ ಓಡುತ್ತದೆ. ನಡುಕ ಕಡಿಮೆ, ಹೊಗೆ ಇಲ್ಲ, ಹಿಂದೆ ಬರುವ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ.

ಮುಂದೆ ಒಂದು ಟ್ರಾಲಿ ಇದೆ. ಕಬ್ಬು ಎರಡೂ ಬದಿಗೆ ಚಾಚಿಕೊಂಡು ಅರ್ಧ ರಸ್ತೆ ತುಂಬಿದೆ, ಹಿಂದೆ ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಮಂಜಿನಲ್ಲಿ ಅದು ಕಾಣಿಸುವುದು ತೀರ ಹತ್ತಿರ ಬಂದ ಮೇಲೆ. ಬ್ರೇಕ್ ಹಿಡಿಯಿರಿ. ಡಿಸ್ಕ್ ಕಚ್ಚುತ್ತದೆ, ಮುಂಗಾಲಿ ಜಾರದೆ ನಿಲ್ಲುತ್ತದೆ, ನೀವು ಉಳಿಯುತ್ತೀರಿ. ರೋಡ್‌ಕಿಂಗಿನ ಡ್ರಮ್ ಬ್ರೇಕಿನಲ್ಲಿ ಇದೇ ಜಾಗದಲ್ಲಿ ಏನಾಗುತ್ತಿತ್ತು ಎಂದು ಊಹಿಸಲು ಕಷ್ಟವಿಲ್ಲ. ಹಂಗಾಮಿನ ರಾತ್ರಿಗಳಲ್ಲಿ ಈ ಟ್ರಾಲಿಗಳ ಹಿಂದೆ ಸತ್ತವರ ಮನೆಗಳು ಈ ಸೀಮೆಯಲ್ಲಿ ಇವೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾದದ್ದು ಒಳ್ಳೆಯದಾಯಿತು. ಹಳೆಯದನ್ನು ಹಾಗೆಯೇ, ಹೊಗೆ ಮತ್ತು ಡ್ರಮ್ ಬ್ರೇಕಿನ ಸಮೇತ ತರಬೇಕಿತ್ತು ಎನ್ನುವವರ ಜೊತೆ ನಾನಿಲ್ಲ. ಟೂ ಸ್ಟ್ರೋಕಿನಲ್ಲಿ ಹೊಸ ಪೆಟ್ರೋಲ್ ಒಳಗೆ ಬರುವ ದಾರಿ, ಸುಟ್ಟ ಹೊಗೆ ಹೊರಗೆ ಹೋಗುವ ದಾರಿ ಎರಡೂ ಒಂದೇ ಹೊತ್ತಿಗೆ ತೆರೆದಿರುತ್ತವೆ. ಸುಡದ ಪೆಟ್ರೋಲೇ ಒಂದಿಷ್ಟು ಹೊರಗೆ ಹೋಗುತ್ತದೆ. ಆ ಗಾಳಿಯನ್ನು ಮಕ್ಕಳಿಗೆ ಕುಡಿಸಿ ಪರಂಪರೆ ಉಳಿಸಬೇಕಾಗಿಲ್ಲ.

ತಿರುಗಿ ಗ್ಯಾರೇಜಿಗೆ ಬನ್ನಿ. ಎರಡನೇ ಸುತ್ತಿನ ಚಹಾ ಬಂದಿದೆ, ಜೊತೆಗೆ ಪೇಪರಿನಲ್ಲಿ ಬಿಸಿ ಭಜಿ. ಹುಡುಗ ಮೊಬೈಲಿನಲ್ಲಿ ಅಮೆರಿಕದ ಮಸಲ್ ಕಾರುಗಳನ್ನು ಕಾಕಾಗೆ ತೋರಿಸುತ್ತಿದ್ದಾನೆ. ಹಳೆಯ ಹೆಸರನ್ನು ಮರಳಿ ತರುವ ಬಗ್ಗೆ ಅಲ್ಲಿಯೂ ಇದೇ ಜಗಳ. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ದೊಡ್ಡ ಎಂಜಿನ್ ಕೂರಿಸಿ ಜಿಟಿಒ ಎಂದು ಮಾರಿತು. ಕಾರ್ಖಾನೆಯ ಸಂಬಳದ ಹುಡುಗರ ಕೈಗೆ ಎಟುಕುವ ಬೆಲೆಯಲ್ಲಿ ಅಬ್ಬರದ ವೇಗ. ಅದೇ ವರ್ಷ ಏಪ್ರಿಲಿನಲ್ಲಿ ಫೋರ್ಡ್ ಮಸ್ಟ್ಯಾಂಗ್ ಬಂತು. ಆ ಕಾರುಗಳನ್ನು ಮನೆಯ ಗ್ಯಾರೇಜಿನಲ್ಲಿ ಅಪ್ಪ-ಮಗ ಕೂಡಿ ಬಿಚ್ಚಿ, ಕಾರ್ಬೋರೇಟರ್ ಬದಲಿಸಿ ಇನ್ನಷ್ಟು ಜೋರು ಮಾಡುತ್ತಿದ್ದರು. ಹೊಗೆಯ ಕಾನೂನು, ವಿಮೆಯ ದರ, 1973ರ ತೈಲದ ಬಿಕ್ಕಟ್ಟು ಸೇರಿ ಆ ಕಾಲ ಮುಗಿಯಿತು.

ಅದನ್ನು ಮರಳಿ ತರುವ ಯತ್ನಗಳಲ್ಲಿ ಎರಡು ಬಗೆ ನೋಡಿ. 2004ರಲ್ಲಿ ಜಿಟಿಒ ಹೆಸರು ತಿರುಗಿ ಬಂತು. ಒಳಗಿದ್ದದ್ದು ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ. 350 ಅಶ್ವಶಕ್ತಿ, ಹಳೆಯದಕ್ಕಿಂತ ಬಲಶಾಲಿ, ಆದರೆ ಮುಖದಲ್ಲಿ ಹಳೆಯ ಗುರುತು ಒಂದೂ ಇರಲಿಲ್ಲ. ಜನ ಒಪ್ಪಲಿಲ್ಲ, 2006ಕ್ಕೆ ಮುಗಿಯಿತು. 2005ರ ಮಸ್ಟ್ಯಾಂಗ್ ಮತ್ತು 2008ರ ಡಾಡ್ಜ್ ಚಾಲೆಂಜರ್ ಅರವತ್ತು-ಎಪ್ಪತ್ತರ ದಶಕದ ತಮ್ಮ ಹಿರಿಯರ ಮುಖವನ್ನೇ ಹೊತ್ತು ಬಂದವು, ಗೆದ್ದವು. ಚಾಲೆಂಜರ್ 2023ರ ಕೊನೆಯವರೆಗೆ ತಯಾರಾಯಿತು. ಅದರ ಜಾಗಕ್ಕೆ ಡಾಡ್ಜ್ ತಂದ ಕರೆಂಟಿನ ಚಾರ್ಜರ್ ಡೇಟೋನಾದಲ್ಲಿ ಎಂಜಿನ್ನೇ ಇಲ್ಲ. ಹಳೆಯ ಎಂಜಿನ್ನಿನ ಅಬ್ಬರ ಕೇಳಿಸಲೆಂದೇ ಸದ್ದು ಮಾಡುವ ಒಂದು ವ್ಯವಸ್ಥೆಯನ್ನು ಬೇರೆ ಕೂರಿಸಿದ್ದಾರೆ. ಹುಡುಗ ಆ ವಿಡಿಯೋ ಹಾಕುತ್ತಾನೆ. ಮಿಸ್ತ್ರಿ ಎರಡು ಸಲ ಕೇಳಿ, "ಎಂಜಿನ್ ಇಲ್ಲಂದ ಮ್ಯಾಲ ಸದ್ದು ಯಾಕ ಬೇಕು?" ಎನ್ನುತ್ತಾರೆ. ಹುಡುಗ ಉತ್ತರಿಸಲಾರ.

ಮಿಸ್ತ್ರಿಯ ಮಾತು ಎರಡೂ ಬಗೆಗೆ ಸಲ್ಲುತ್ತದೆ. ಅಮೆರಿಕದ ಕಾರು ಕಂಪನಿಗಳ ಜಗಳವೆಲ್ಲ ಮುಖ, ಶಕ್ತಿ, ಸದ್ದು ಈ ಮೂರರ ಸುತ್ತ ನಡೆದಿದೆ. ಹೊಸ ಜಾವಾದ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯೂ ಅಷ್ಟೇ: ಟ್ಯಾಂಕು ಹಳೆಯದರಂತಿದೆಯೇ, ಸೈಲೆನ್ಸರಿನ ಸದ್ದು ಹೊಂದುತ್ತದೆಯೇ. ಯಂತ್ರವನ್ನು ಯಾರು ಬಿಚ್ಚಬಲ್ಲರು ಎಂದು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಪರಂಪರೆಯ ತಿರುಳು ಅದೇ. ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೂ ಐನಾಪುರದಲ್ಲಿ ಯೆಜ್ದಿ ಓಡುತ್ತಿದೆ ಎಂದರೆ, ಆ ಕಾರ್ಖಾನೆ ಗಾಡಿಯ ಜೊತೆ ಅದನ್ನು ಬದುಕಿಸುವ ವಿದ್ಯೆಯನ್ನೂ ನಮ್ಮ ಕೈಗೆ ಕೊಟ್ಟಿತ್ತು ಎಂದರ್ಥ.

ನಂಬಿಕೆ ಬರದಿದ್ದರೆ ಮಿಸ್ತ್ರಿಯ ಜೊತೆ ಹೊಳಿಯ ಕಡೆ ನಡೆಯಿರಿ. ಈಗ ನೀರು ಕೆಳಗಿದೆ, ದಂಡೆಯ ಮಣ್ಣು ಒಡೆದು ಹಪ್ಪಳಿಕೆ ಎದ್ದಿದೆ. 2019ರ ಆಗಸ್ಟಿನಲ್ಲಿ ಹೀಗಿರಲಿಲ್ಲ. ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಕೊಯ್ನಾದಿಂದ ನೀರು ಬಿಟ್ಟಾಗ ಕೃಷ್ಣೆ ದಂಡೆ ದಾಟಿದಳು. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಹೊಳಿದಂಡೆಯ ಊರುಗಳು ಮುಳುಗಿದವು. 2005ರಲ್ಲಿಯೂ ಆಗಿತ್ತು, 2021ರಲ್ಲಿ ಮತ್ತೆ ಆಯಿತು. ಜನ ದನಕರು ಹೊಡೆದುಕೊಂಡು ಗಂಜಿ ಕೇಂದ್ರಕ್ಕೆ ಹೋದರು. ಗಾಡಿಗಳು ಮನೆಯಂಗಳದಲ್ಲೇ ನೀರಿನ ಕೆಳಗೆ ಉಳಿದವು.

ನೀರು ಇಳಿದ ಮೇಲೆ ಮುಳುಗಿದ ಯೆಜ್ದಿಯನ್ನು ಎಬ್ಬಿಸುವುದು ಹೇಗೆ ಎಂದು ಮಿಸ್ತ್ರಿ ನಡೆಯುತ್ತಲೇ ಹೇಳುತ್ತಾರೆ, ನೀವು ಕೇಳಿ. ಮೊದಲು ಟ್ಯಾಂಕು ಇಳಿಸಿ ಪೆಟ್ರೋಲ್ ನೀರು ಎರಡೂ ಚೆಲ್ಲಬೇಕು. ಪ್ಲಗ್ ಬಿಚ್ಚಿ ಗಾಡಿಯನ್ನು ಓರೆ ಮಾಡಿ ಕಿಕ್ ಹೊಡೆಯುತ್ತ ಹೋದರೆ ಒಳಗಿನ ರಾಡಿ ನೀರು ಹೊರಗೆ ಚಿಮ್ಮುತ್ತದೆ. ಆಮೇಲೆ ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ ಹಾಕಿ ಮತ್ತೆ ಕಿಕ್, ಕೆಸರು ಬಿಡುವವರೆಗೂ. ಗಿಯರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ಪೂರ್ತಿ ಬಸಿದು ಹೊಸದು ಹಾಕಬೇಕು. ಕಾರ್ಬೋರೇಟರ್ ಬಿಚ್ಚಿ ಜೆಟ್ಟನ್ನು ಬಾಯಿಯಿಂದ ಊದಬೇಕು. ಡೈನಮೋ ಕವರ್ ತೆಗೆದು ಬಿಸಿಲಿಗೆ ಇಡಬೇಕು, ಪಾಯಿಂಟನ್ನು ಪಾಲೀಶ್ ಪೇಪರಿನಿಂದ ಉಜ್ಜಬೇಕು. ಸೈಲೆನ್ಸರಿನಲ್ಲಿ ಹೂಳು ತುಂಬಿದ್ದರೆ ಕಳಚಿ, ಒಳಗಿನ ಕೊಳವೆ ಎಳೆದು, ಬೆಂಕಿಗೆ ಹಿಡಿದು ಕರಿ ಸುಡಬೇಕು. ಇದಕ್ಕೆ ಬೇಕಾದ ಖರ್ಚು ಸೀಮೆಎಣ್ಣೆ, ಆಯಿಲ್ಲು, ಒಂದು ಪ್ಲಗ್ಗು. ಹೊಲ ಹೋಗಿ, ಮನೆ ಗೋಡೆ ಬಿದ್ದು, ಪರಿಹಾರದ ದುಡ್ಡಿಗೆ ಕಾಯುವ ಮನುಷ್ಯನಿಗೆ ಮೊದಲು ಮರಳಿ ಸಿಕ್ಕುವ ಆಸ್ತಿ ಅವನ ಗಾಡಿ. ಅದರ ಮೇಲೆ ಕೂತು ಅವನು ತಹಶೀಲ್ದಾರ ಕಚೇರಿಗೆ ಹೋಗುತ್ತಾನೆ, ದನಕ್ಕೆ ಮೇವು ತರುತ್ತಾನೆ.

ಇಂಜೆಕ್ಷನ್ ಗಾಡಿ ಮುಳುಗಿದರೆ? ಸೀಟಿನ ಕೆಳಗೆ ಕೂತ ಇಸಿಯು ಎಂಬ ಮುಚ್ಚಿದ ಡಬ್ಬಿ, ಅಲ್ಲಿಂದ ಹೊರಟ ಸೆನ್ಸರುಗಳ ತಂತಿಗಳು, ಎಬಿಎಸ್ಸಿನ ಇನ್ನೊಂದು ಡಬ್ಬಿ. ಯಾವುದು ಹೋಗಿದೆ ಎಂದು ಹೇಳಲು ಸ್ಕ್ಯಾನರ್ ಬೇಕು, ಸ್ಕ್ಯಾನರಿನೊಳಗೆ ಆ ಕಂಪನಿಯ ಸಾಫ್ಟ್‌ವೇರ್ ಬೇಕು. ಶೋರೂಮಿಗೆ ಒಯ್ಯಬೇಕೆಂದರೆ ಟೆಂಪೋ ಮಾಡಿ ದೊಡ್ಡ ಊರು ಹಿಡಿಯಬೇಕು. ಇದು ಜಾವಾ ಒಂದರ ಕಥೆಯಲ್ಲ, 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೆಚ್ಚುಕಡಿಮೆ ಎಲ್ಲ ಹೊಸ ಗಾಡಿಗಳ ಕಥೆ. ಆದರೆ ಉಳಿದ ಗಾಡಿಗಳು ತಾವು ಮೈಸೂರಿನ ವಾರಸುದಾರರು ಎಂದು ಹೇಳಿಕೊಂಡು ಬಂದಿಲ್ಲ. ಹೆಸರಿನ ಬಲದ ಮೇಲೆ ಮಾರುವವರಿಗೆ ಆ ಹೆಸರಿನ ಋಣವೂ ಇರುತ್ತದೆ.

ಋಣದ ಮಾತು ಬಂದದ್ದರಿಂದ ಮೈಸೂರಿನ ಬಗ್ಗೆ ಇನ್ನೊಂದು ಸಂಗತಿ. 2022ರ ಜನವರಿಯಲ್ಲಿ ಯೆಜ್ದಿ ಹೆಸರೂ 334 ಸಿಸಿಯ ಮೂರು ಗಾಡಿಗಳ ಮೇಲೆ ಮರಳಿ ಬಂತು. ಅದೇ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಆ ಹೆಸರು ಸಮಾಪನೆಯಲ್ಲಿರುವ ಐಡಿಯಲ್ ಜಾವಾ ಕಂಪನಿಗೆ ಸೇರಿದ್ದು ಎಂದು ತೀರ್ಪು ಕೊಟ್ಟಿತು, ವ್ಯಾಜ್ಯ ಮೇಲ್ಮನವಿಗೆ ಹೋಯಿತು. ಕಾನೂನಿನ ಒಡೆತನ ಯಾರದೆಂಬುದನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ಆ ಹೆಸರಿಗೆ ಬೆಲೆ ಬಂದದ್ದು ಯಾರಿಂದ ಎನ್ನುವುದಕ್ಕೆ ತೀರ್ಪು ಬೇಕಾಗಿಲ್ಲ. ಯಾದವಗಿರಿಯಲ್ಲಿ ಎರಕ ಹೊಯ್ದು, ಬೆಸೆದು, ಬಣ್ಣ ಬಳಿದ ಕೈಗಳಿಂದ ಬಂತು. 2007ರಲ್ಲಿ ಕೂಡಿಕೊಂಡ ಬೆಂಗಳೂರು ಜಾವಾ ಯೆಜ್ದಿ ಮೋಟರ್‌ಸೈಕಲ್ ಕ್ಲಬ್ಬಿನಂಥ ಬಳಗಗಳಿಂದ, ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ದಿ ದಿನವೆಂದು ಗಾಡಿ ತೊಳೆದು ಬೀದಿಗಿಳಿಯುವವರಿಂದ ಬಂತು. ಹಾಲಿನ ಕ್ಯಾನು ತೂಗುಹಾಕಿದ ಈ ಕೊಕ್ಕೆಗಳಿಂದಲೂ ಬಂತು. ಹೊಸ ಗಾಡಿ ಮೈಸೂರಿನಲ್ಲಿ ತಯಾರಾಗಿದ್ದರೆ, ಯಾದವಗಿರಿಯಲ್ಲಿ ಒಂದು ಸಣ್ಣ ಸಂಗ್ರಹಾಲಯವಾದರೂ ಎದ್ದಿದ್ದರೆ ಈ ಮಾತು ಇಷ್ಟು ಕಹಿಯಾಗಿ ಬರುತ್ತಿರಲಿಲ್ಲ.

ಗ್ಯಾರೇಜಿಗೆ ಹಿಂತಿರುಗುವಷ್ಟರಲ್ಲಿ ಬಿಸಿಲು ಏರಿದೆ. ಹುಡುಗ ಅಂಗಿಯ ತೋಳು ಮಡಚಿ ರೋಡ್‌ಕಿಂಗಿನ ಕವರ್ ಮುಚ್ಚುತ್ತಿದ್ದಾನೆ. ಸ್ಕ್ರೂ ಅಡ್ಡ ಹತ್ತುತ್ತಿದೆ. "ಹಿಂದಕ್ಕ ಒಂದ್ ಸುತ್ತ ತಿರುಗಿಸು, ಟಕ್ ಅಂತೈತಿ, ಆಮ್ಯಾಲ ಬಿಗಿ," ಎನ್ನುತ್ತಾರೆ ಮಿಸ್ತ್ರಿ. ಅವನು ಹಾಗೆಯೇ ಮಾಡುತ್ತಾನೆ, ಸ್ಕ್ರೂ ಕೂರುತ್ತದೆ. ಪುಣೆಯ ಹುಡುಗನಿಗೆ ಆಸೆ ಇಲ್ಲ ಎಂದಲ್ಲ. ಅವನ ಗಾಡಿಯಲ್ಲಿ ಅವನಿಗೆ ಆ ಅವಕಾಶವಿಲ್ಲ.

ನನ್ನ ತೀರ್ಮಾನ ಇದು. ಹೊಸ ಜಾವಾ ಹಳೆಯದರ ರೂಪಕ್ಕೆ ಪೂರ್ಣ ನ್ಯಾಯ ಕೊಟ್ಟಿದೆ, ಸವಾರನ ಜೀವಕ್ಕೆ ಹಳೆಯದಕ್ಕಿಂತ ಹೆಚ್ಚು ಬೆಲೆ ಕೊಟ್ಟಿದೆ. ಹಳೆಯ ಗಾಡಿಯನ್ನು ಮೂವತ್ತು ವರ್ಷ ಬದುಕಿಸಿದವರಿಗೆ ಕೊಡಬೇಕಾದದ್ದನ್ನು ಇನ್ನೂ ಕೊಟ್ಟಿಲ್ಲ. ಅದು ಕೊಡಲಾಗದ್ದೇನೂ ಅಲ್ಲ. ರಿಪೇರಿ ಪುಸ್ತಕವನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಅಚ್ಚು ಹಾಕಿಸಿ ಹಳ್ಳಿಯ ಗ್ಯಾರೇಜುಗಳಿಗೆ ಮಾರಲಿ. ಸ್ಕ್ಯಾನರನ್ನು ಶೋರೂಮಿನ ಹೊರಗಿನ ಮಿಸ್ತ್ರಿಗೂ ಕೊಡಲಿ, ವರ್ಷಕ್ಕೊಮ್ಮೆ ಅಥಣಿಯಂಥ ಊರಿನಲ್ಲಿ ಎರಡು ದಿನದ ತರಬೇತಿ ನಡೆಸಲಿ. ಮೈಸೂರಿನ ಹಳೆಯ ಗಾಡಿಗಳಿಗೆ ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್‌ಗಳನ್ನು ತನ್ನ ಮುದ್ರೆ ಹಾಕಿ ಮಾಡಿಕೊಡಲಿ. ಇಷ್ಟು ಮಾಡಿದರೆ ಟ್ಯಾಂಕಿನ ಮೇಲಿನ ಹೆಸರನ್ನು ಯಾರೂ ಪ್ರಶ್ನಿಸುವುದಿಲ್ಲ.

ಇನ್ನು ನಿಮಗೆ ಒಂದು ಮಾತು. ನಿಮ್ಮ ಅಪ್ಪನದೋ ಅಜ್ಜನದೋ ಜಾವಾ, ಯೆಜ್ದಿ ಕೊಟ್ಟಿಗೆಯ ಮೂಲೆಯಲ್ಲಿ ರವದಿಯ ಕೆಳಗೆ ಬಿದ್ದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಮೊದಲು ಆರ್‌ಸಿ ಹುಡುಕಿ. ಐವತ್ತು ವರ್ಷ ದಾಟಿದ ಗಾಡಿಯಾದರೆ 2021ರ ನಿಯಮದ ಪ್ರಕಾರ ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಅಕ್ಷರದ ನಂಬರು ಪಡೆಯಬಹುದು, ಆದರೆ ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಅದಕ್ಕಿಂತ ಹೊಸದಾದರೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಮಿಸ್ತ್ರಿಯ ಕೈಯಲ್ಲಿ ಬಲವಿರುವಾಗಲೇ ಗಾಡಿಯನ್ನು ಅವರ ಹತ್ತಿರ ಒಯ್ಯಿರಿ, ಬಿಚ್ಚುವಾಗ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ.